ಶ್ರಾವಣ ಸೋಮವಾರದ ರಕ್ತ

ನನ್ನ ಫ್ರೀಜರಿನ ಬಗ್ಗೆ ನನಗೆ ಸೊಕ್ಕಿತ್ತು. ಏಪ್ರಿಲ್ ಬಂತೆಂದರೆ ನಲ್ಲಿಯಲ್ಲಿ ಬಿಸಿನೀರೇ ಬರುವ ಕಲಬುರಗಿಯಲ್ಲಿ, ಶೂನ್ಯಕ್ಕಿಂತ ಎಂಬತ್ತು ಡಿಗ್ರಿ ಕೆಳಗೆ ಒಂದು ಕಪಾಟನ್ನು ವರ್ಷವಿಡೀ ಕಾಪಾಡುವುದು ಹುಡುಗಾಟವಲ್ಲ. ಕರೆಂಟು ಹೋದರೆ ಜನರೇಟರು, ಜನರೇಟರು ಕೈಕೊಟ್ಟರೆ ನನ್ನ ಬಾಯಿ. ಕಾಲೇಜಿನ ಎಲೆಕ್ಟ್ರಿಷಿಯನ್ ನನ್ನ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಾನೆ ಎಂದು ಚಾಚಾ ಹೇಳುತ್ತಿದ್ದರು. ಚಾಚಾ ಅಂದರೆ ನಮ್ಮ ಪ್ರಯೋಗಾಲಯದ ಹಿರಿಯ ಟೆಕ್ನಿಷಿಯನ್. ಊರಿನ ರೋಜಾ ಬಡಾವಣೆಯವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಎಂಥ ದಪ್ಪ ತೋಳಿನಲ್ಲೂ ಒಂದೇ ಸಲಕ್ಕೆ ನರ ಹಿಡಿಯುವ ಕೈ ಅವರದು. ಅವರನ್ನು ಬಿಟ್ಟರೆ ಆ ಫ್ರೀಜರಿನ ಬೀಗದ ಕೈ ನನ್ನ ಹತ್ತಿರ ಮಾತ್ರ ಇತ್ತು.

ನಾನು ಅಧ್ಯಯನ ಮಾಡುತ್ತಿದ್ದುದು ರಕ್ತದ ನೆನಪನ್ನು. ಒಂದು ವೈರಸ್ಸು ಮೈಗೆ ಮೊದಲ ಸಲ ಹೊಕ್ಕಾಗ ದೇಹ ತಡಬಡಾಯಿಸುತ್ತದೆ. ಅದನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ರೋಗ ತನ್ನ ಕೆಲಸ ಮಾಡಿಬಿಡುತ್ತದೆ. ಅದೇ ವೈರಸ್ಸು ಎರಡನೇ ಸಲ ಬಂದರೆ ಹಾಗಲ್ಲ. ಹಳೆಯ ಗುರುತಿನ ಕಣಗಳು ಎದ್ದು ಕೂರುತ್ತವೆ, ನಮಗೆ ಗೊತ್ತಾಗುವುದರೊಳಗೆ ಅದನ್ನು ಮುಗಿಸಿ ಹಾಕುತ್ತವೆ. ಈ ನೆನಪು ಎಷ್ಟು ವರ್ಷ ಉಳಿಯುತ್ತದೆ, ಒಂದೇ ಮನೆಯಲ್ಲಿ ಉಂಡು ಮಲಗುವವರಲ್ಲಿ ಯಾರ ಮೈ ಏನನ್ನು ನೆನಪಿಟ್ಟಿದೆ, ಇದು ನನ್ನ ಪ್ರಶ್ನೆ. ಡೆಂಗಿ, ಚಿಕುನ್‌ಗುನ್ಯಾ, ಚಿಕನ್‌ಪಾಕ್ಸ್, ಇನ್ನೆರಡು. ಅದಕ್ಕಾಗಿ ನಮ್ಮ ಜಿಲ್ಲೆಯ ಕಮಲಾಪುರದ ಕೆಲವು ಮನೆಗಳನ್ನು ಆರಿಸಿಕೊಂಡು ವರ್ಷಕ್ಕೊಮ್ಮೆ ಎಲ್ಲರ ರಕ್ತ ಸಂಗ್ರಹಿಸುವ ಯೋಜನೆ ಹಾಕಿದ್ದೆ.

ನಾನು ಬೆಳೆದದ್ದು ಮಡಿಯ ಮನೆಯಲ್ಲಿ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಗದರುವ ನಮ್ಮಜ್ಜಿ ಒದ್ದೆ ಸೀರೆ ಉಟ್ಟು ಅಡಿಗೆಮನೆಗೆ ಹೊಕ್ಕರೆ ಮುಗಿಯಿತು, ನಾವು ಮೊಮ್ಮಕ್ಕಳು ಹೊಸ್ತಿಲಿನಾಚೆ. ಯಾವ ಕೈ ಯಾವುದನ್ನು ಮುಟ್ಟಿತು, ಮುಟ್ಟಿದ ಕೈ ಮತ್ತೆ ಎಲ್ಲಿ ತಗುಲಿತು ಎಂಬ ಲೆಕ್ಕ ಆಕೆಯ ತಲೆಯಲ್ಲಿ ಸದಾ ಓಡುತ್ತಿತ್ತು. ನಾನು ಅದನ್ನು ಎಷ್ಟು ಬೈದುಕೊಂಡಿದ್ದೇನೋ, ಎಂ.ಎಸ್ಸಿಯಲ್ಲಿ ಕ್ರಿಮಿ ತಗುಲದಂತೆ ಕೈಯಾಡಿಸುವುದನ್ನು ಕಲಿಯುವಾಗ ಅಷ್ಟೇ ಉಪಯೋಗವಾಯಿತು. ಉಳಿದವರು ತಿಂಗಳುಗಟ್ಟಲೆ ಕಲಿತದ್ದು ನನಗೆ ಹುಟ್ಟಿನಿಂದ ಬಂದಿತ್ತು. ನನ್ನ ಟ್ಯೂಬುಗಳಲ್ಲಿ ಬೂಷ್ಟು ಹಿಡಿದದ್ದಿಲ್ಲ, ನನ್ನ ಲೇಬಲ್ಲು ಕಿತ್ತು ಬಂದದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ನನ್ನ ಕೈ ಕಾರಣವಲ್ಲ.

ರಕ್ತ ತೆಗೆಯುವ ದಿನ ಗೊತ್ತುಮಾಡಬೇಕಿತ್ತು. ಆಗ ಶ್ರಾವಣ ನಡೆಯುತ್ತಿತ್ತು. ಶನಿವಾರ ಬೇಡ ಎಂದೆ. ಶ್ರಾವಣ ಶನಿವಾರ ನಮ್ಮ ಮನೆಯಲ್ಲಿ ಒಪ್ಪತ್ತು, ಆ ದಿನ ನಾನು ಸೂಜಿ ಹಿಡಿದೆನೆಂದು ಗೊತ್ತಾದರೆ ನಮ್ಮವ್ವ ಒಂದು ವಾರ ಮಾತು ಬಿಡುತ್ತಾಳೆ. ಶುಕ್ರವಾರ ಬೇಡ ಎಂದರು ಚಾಚಾ, ಅವರಿಗೆ ನಮಾಜು. ಮಂಗಳವಾರದಿಂದ ಗುರುವಾರದವರೆಗೆ ಕಾಲೇಜಿನ ಜೀಪು ಬೇರೆ ಕಡೆಗೆ. ಹಾಗಾಗಿ ಸೋಮವಾರ ಎಂದು ತೀರ್ಮಾನಿಸಿದೆವು. ನಾವಿಬ್ಬರೂ ನಮ್ಮ ನಮ್ಮ ವಾರಗಳನ್ನು ಕಾಯ್ದುಕೊಂಡೆವು. ಕಮಲಾಪುರದ ಆ ಮನೆಗಳೆಲ್ಲ ಶಿವನನ್ನು ನಂಬಿದ ಒಕ್ಕಲು ಮನೆಗಳು, ಶ್ರಾವಣ ಸೋಮವಾರ ಅವರಿಗೆ ದೊಡ್ಡ ವಾರ ಎಂಬುದು ಹುಟ್ಟಿದಾಗಿನಿಂದ ಇಲ್ಲೇ ಇರುವ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಶಾಲೆಯ ಕೋಣೆಯೊಂದರಲ್ಲಿ ಎರಡು ಮೇಜು ಹಾಕಿದ್ದೆವು. ಬಾಗಿಲಲ್ಲಿ ಸಮ್ಮತಿ ಪತ್ರಕ್ಕೆ ಸಹಿ, ಅಲ್ಲೇ ನಂಬರಿನ ಚೀಟಿ. ಚೀಟಿ ಹಿಡಿದು ಬಂದವರ ರಕ್ತವನ್ನು ಒಂದು ಮೇಜಿನಲ್ಲಿ ಚಾಚಾ, ಇನ್ನೊಂದರಲ್ಲಿ ನಾನು ತೆಗೆಯುವುದು. ಚೀಟಿ ತಪ್ಪಬಾರದೆಂದು ಪ್ರತಿಯೊಬ್ಬರ ಹೆಸರು, ಹೆಂಗಸರಾದರೆ ಗಂಡನ ಹೆಸರನ್ನೂ ಕೇಳಿ ಪಟ್ಟಿಗೆ ಹೊಂದಿಸುತ್ತಿದ್ದೆ. ಗಂಡನ ಹೆಸರು ಕೇಳಿದರೆ ಕಮಲಾಪುರದ ಸೊಸೆಯಂದಿರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ಪಕ್ಕದವಳ ಬಾಯಲ್ಲಿ ಹೇಳಿಸುತ್ತಿದ್ದರು, ಇಲ್ಲವೇ ಗೋಡೆಯ ಕಡೆ ತಿರುಗಿ ಪಿಸುಗುಡುತ್ತಿದ್ದರು. ಅವತ್ತು ಮಧ್ಯಾಹ್ನ ಒಬ್ಬಾಕೆ ಮಾತ್ರ ತೋಳು ಚಾಚಿ ಪಟ್ಟನೆ ಹೇಳಿದಳು. ಅಬ್ಬ, ಒಬ್ಬಳಾದರೂ ಬುದ್ಧಿವಂತೆ ಇದ್ದಾಳೆ ಎಂದುಕೊಂಡೆ. ಮುಖ ನೋಡಲಿಲ್ಲ, ನರ ನೋಡಿದೆ. ಒಳ್ಳೆಯ ನರ, ಒಂದೇ ಸಲಕ್ಕೆ ಸಿಕ್ಕಿತು.

ಆಕೆಯ ಮನೆ ನನಗೆ ಚೆನ್ನಾಗಿ ಗೊತ್ತು ಎಂದೇ ನಾನು ತಿಳಿದಿದ್ದೆ. ಕೆಂಪು ಬಾಳೆಯ ತೋಟದವರು. ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಸೊಸೆಗೆ ಏಳು ವರ್ಷದ ಮಗಳು. ಕಿರಿಸೊಸೆ ಆ ವರ್ಷವೇ ಮದುವೆಯಾಗಿ ಬಂದವಳು, ತವರು ಕಲಬುರಗಿಯ ಅಂಚಿನ ಶರಣಸಿರಸಗಿ. ಅತ್ತೆ ನಾನು ಹೋದಾಗಲೆಲ್ಲ ಒಂದು ಚಿಪ್ಪು ಬಾಳೆಹಣ್ಣು ಜೀಪಿಗೆ ಹಾಕಿಸುತ್ತಿದ್ದಳು, ಬೇಡವೆಂದರೆ, "ನಿಮ್ಮ ಮನಿ ದೇವರಿಗಿ ಇಡ್ರಿ, ನೀವೇನು ತಿನ್ನಬ್ಯಾಡ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಏಳು ತಿಂಗಳು ಕಳೆದವು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಸೋಮವಾರ ಬೆಳಿಗ್ಗೆ ಆ ಅತ್ತೆಯ ಫೋನ್ ಬಂತು.

"ಯವ್ವಾ, ಮನ್ಯಾಗ ಅಮ್ಮ ಬಂದಾಳ. ಮೊಮ್ಮಗಳ ಮೈತುಂಬ ಎದ್ದಾವ."

ಅಮ್ಮ ಅಂದರೆ ಚಿಕನ್‌ಪಾಕ್ಸ್. ಗುಳ್ಳೆ ಎದ್ದು ಒಂದು ದಿನವಾಗಿತ್ತು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಮೊಸರನ್ನ ಉಣ್ಣಿಸುತ್ತಿದ್ದಾರೆ. ಹುಡುಗಿ ಆರಾಮಿದ್ದಾಳೆ. ಚಿಂತೆ ಹುಡುಗಿಯದಲ್ಲ, ಕಿರಿಸೊಸೆಯದು. ಆಕೆಗೆ ಎಂಟು ತಿಂಗಳು ತುಂಬಿತ್ತು. ಆ ವಾರ ತವರಿಗೆ ಹೊರಡಬೇಕೆಂದು ಗಂಟು ಕಟ್ಟಿಟ್ಟಿದ್ದಳು.

"ಅಮ್ಮ ಇದ್ದ ಮನಿಲಿಂದ ಎದ್ದು ಹೋಗಬಾರದಂತಾರ. ಇರಾಕ ಬಿಟ್ರ ಹೊಟ್ಟ್ಯಾಗಿಂದಕ್ಕ ಏನರೆ ಆದೀತಂತ ನನಗ ಅಂಜಿಕಿ. ನೀವು ಓದಿದವ್ರು, ಕಳಸಲೋ ಇಟ್ಟುಗೊಳ್ಳಲೋ, ಒಂದು ಮಾತು ಹೇಳ್ರಿ."

ಆಕೆ ಅಂಜಿದ್ದರಲ್ಲಿ ತಪ್ಪಿರಲಿಲ್ಲ. ಮಕ್ಕಳಿಗೆ ತುರಿಸಿ ಹೋಗುವ ಈ ರೋಗ ತುಂಬಿದ ಬಸುರಿಗೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆಯ ಆಸುಪಾಸಿನಲ್ಲಿ ಬಂದರೆ ಇನ್ನೂ ಕೆಟ್ಟದ್ದು, ಮಗು ತಾಯಿಯ ಪ್ರತಿಕಾಯ ಪಡೆಯುವ ಮೊದಲೇ ವೈರಸ್ಸು ಪಡೆದು ಹುಟ್ಟುತ್ತದೆ, ಅಂಥ ಕೂಸು ಉಳಿಯುವುದೇ ಕಷ್ಟವಾಗಬಹುದು. ಆದರೆ ಚಿಕ್ಕಂದಿನಲ್ಲಿ ಒಮ್ಮೆ ಬಂದು ಹೋಗಿದ್ದರೆ ಭಯವಿಲ್ಲ. ಹಾಗಾಗಿ ತಿಳಿಯಬೇಕಾದದ್ದು ಒಂದೇ, ಆಕೆಗೆ ಹಿಂದೆ ಬಂದಿತ್ತೋ ಇಲ್ಲವೋ. ಆಕೆಯ ತವರಿನವರಿಗೆ ಸರಿಯಾಗಿ ನೆನಪಿರಲಿಲ್ಲ. ನೆನಪಿಡುವ ರಕ್ತ ನನ್ನ ಫ್ರೀಜರಿನಲ್ಲಿತ್ತು.

"ಸಂಜಿ ಮಟ ತಡೀರಿ, ಹೇಳ್ತೇನಿ" ಎಂದೆ.

ಮನೆಗೆ ಹೋಗಿ ಹೊಸದಾಗಿ ರಕ್ತ ತರೋಣವೇ ಎಂದು ಚಾಚಾ ಕೇಳಿದರು. ಅಮ್ಮ ಬಂದ ಮನೆಯಲ್ಲಿ ಸೂಜಿ ಚುಚ್ಚಲು ಬಿಡುವುದಿಲ್ಲ, ಹೊರಗಿನವರನ್ನು ಒಳಗೇ ಸೇರಿಸುವುದಿಲ್ಲ. ಅದೂ ಅಲ್ಲದೆ ನನ್ನ ಹತ್ತಿರ ಶ್ರಾವಣದ ರಕ್ತ ಇರುವಾಗ ತುಂಬಿದ ಹೆಂಗಸಿಗೆ ಮತ್ತೆ ಯಾಕೆ ಚುಚ್ಚಬೇಕು? ಚಿಕನ್‌ಪಾಕ್ಸಿನ ಪರೀಕ್ಷೆಯನ್ನು ಕೊನೆಗೆ ಒಟ್ಟಿಗೆ ಮಾಡೋಣವೆಂದು ಕಿಟ್ಟುಗಳನ್ನು ಹಾಗೇ ಇಟ್ಟಿದ್ದೆ. ಒಂದನ್ನು ಒಡೆದೆ. ನಾಲ್ಕು ಗಂಟೆಯ ಹೊತ್ತಿಗೆ ಕಿಟ್ಟಿನ ತಟ್ಟೆಯ ಮೇಲೆ ಆಕೆಯ ನಂಬರಿನ ಪುಟ್ಟ ಗುಳಿಯಲ್ಲಿ ಅರಿಸಿನದಂಥ ಹಳದಿ ಬಂತು. ಪ್ರತಿಕಾಯ ಭರ್ತಿ ಇದೆ ಎಂದು ಅರ್ಥ. ಎರಡನೇ ಸಲ ಮಾಡಿದೆ, ಅದೇ ಹಳದಿ.

ಅತ್ತೆಗೆ ಫೋನ್ ಮಾಡಿ ಹೇಳಿದೆ, "ಆಕಿಗಿ ಸಣ್ಣಾಕಿದ್ದಾಗ ಅಮ್ಮ ಬಂದು ಹೋಗ್ಯಾಳ. ಶ್ರಾವಣದಾಗ ಕೊಟ್ಟ ರಕ್ತ ನೋಡೇನಿ. ಕೂಸಿಗೂ ಏನಾಗಂಗಿಲ್ಲ. ಆರಾಮ ಇರ್ರಿ, ಎಲ್ಲೂ ಕಳಸಬ್ಯಾಡ್ರಿ."

"ನಿಮ್ಮ ಬಾಯಿಗಿ ಸಕ್ರಿ ಬೀಳಲಿ" ಎಂದಳು ಅತ್ತೆ.

ಆ ದಿನ ಮನೆಗೆ ಹೋಗುವಾಗ ಸೂಪರ್ ಮಾರ್ಕೆಟ್ಟಿನಲ್ಲಿ ಇಳಿದು ನನಗೆ ನಾನೇ ಒಂದು ಕಿಲೋ ದ್ರಾಕ್ಷಿ ಕೊಂಡೆ. ಸಂಶೋಧನೆ ಸಂಶೋಧನೆ ಎಂದು ವರ್ಷಗಟ್ಟಲೆ ಟ್ಯೂಬು ಜೋಡಿಸುವವರಿಗೆ ತಾವು ಮಾಡಿದ್ದು ಒಬ್ಬರ ಮನೆಗೆ ಅದೇ ದಿನ ಉಪಯೋಗಕ್ಕೆ ಬಂದದ್ದು ಕಾಣಸಿಗುವುದು ಅಪರೂಪ. ನನಗೆ ತುಂಬ ಸಂತೋಷವಾಗಿತ್ತು.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಆ ಮನೆಯ ಹಿರಿಸೊಸೆ ನಿಂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ತಲೆ ಬಾಚಿಲ್ಲ, ಸೆರಗಿನ ತುದಿಯಲ್ಲಿ ಬೇವಿನೆಲೆ ಗಂಟು ಹಾಕಿದ್ದಳು. ಮಗಳ ಮೈಮೇಲೆ ಅಮ್ಮ ಇರುವಾಗ ತಾಯಿಯಾದವಳು ಹೊಸ್ತಿಲು ದಾಟಿ ಊರು ಬಿಟ್ಟು ಬರುವುದೆಂದರೆ ಆ ಕಡೆ ಯಾರೂ ಮಾಡದ ಕೆಲಸ. ಮಗಳಿಗೆ ಏನೋ ಆಗಿದೆ ಎಂದು ನಾನು ಎದ್ದು ನಿಂತೆ.

"ಮಗಳು ಆರಾಮ ಅದಾಳ್ರಿ" ಎಂದಳು. "ಒಂದು ಮಾತು ಕೇಳಬೇಕಿತ್ತು. ನಮ್ಮ ನೆಗೆಣ್ಣಿಗಿ ಅಮ್ಮ ಬಂದು ಹೋಗ್ಯಾಳಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ಆಕೀದು ರಕ್ತ ನೋಡಿ ಹೇಳೇನಿ."

"ಶ್ರಾವಣದಾಗ ಕೊಟ್ಟಿದ್ದು?"

"ಹೌದು."

ಆಕೆ ನನ್ನ ಮುಖವನ್ನೇ ನೋಡುತ್ತ, "ಅದು ನಂದ್ರಿ" ಎಂದಳು.

ನನಗೆ ಅರ್ಥವಾಗಲಿಲ್ಲ. ಆಕೆ ನಿಧಾನವಾಗಿ, ಒಂದೊಂದಾಗಿ ಬಿಡಿಸಿ ಹೇಳಿದಳು. ಅವತ್ತು ಸೋಮವಾರ. ಕಿರಿಸೊಸೆ ಹೊಸದಾಗಿ ಶ್ರಾವಣ ಸೋಮವಾರ ಹಿಡಿದಿದ್ದಳು, ಮಕ್ಕಳಾಗಲೆಂದು. ಹೊಟ್ಟೆಯಲ್ಲಿ ಆಗಲೇ ನಿಂತಿದ್ದು ಆಕೆಗಿನ್ನೂ ಗೊತ್ತಿರಲಿಲ್ಲ. ಒಪ್ಪತ್ತು ಇದ್ದವಳು ಮೈಯಿಂದ ರಕ್ತ ತೆಗೆಸಬಾರದೆಂದು ಅತ್ತೆ ಹೇಳಿದಳು. ಇತ್ತ ಮೇಡಂಗೆ ಮಾತು ಕೊಟ್ಟಾಗಿದೆ, ಪಟ್ಟಿಯಲ್ಲಿ ಹೆಸರಿದೆ, ಇಲ್ಲ ಅಂದರೆ ಮೇಡಂ ಬೇಜಾರಾಗುತ್ತಾರೆ. ಅದಕ್ಕೆ ಕಿರಿಸೊಸೆ ಬಾಗಿಲಲ್ಲಿ ಸಹಿ ಮಾಡಿ ಚೀಟಿ ತೆಗೆದುಕೊಂಡಳು, ಒಳಗೆ ಬಂದು ಅದನ್ನು ಈಕೆಯ ಕೈಗೆ ಕೊಟ್ಟಳು. ಈಕೆ ತನ್ನ ರಕ್ತವನ್ನು ಆಗಲೇ ಚಾಚಾನ ಮೇಜಿನಲ್ಲಿ ಕೊಟ್ಟಾಗಿತ್ತು. ಸೋಮವಾರ ಈಕೆಯೂ ಹಿಡಿಯುತ್ತಿದ್ದಳು, ಆದರೆ ಆ ವಾರ ಮುಟ್ಟಾಗಿದ್ದರಿಂದ ಬಿಟ್ಟಿದ್ದಳು. ಇನ್ನೊಂದು ತೋಳು ಚಾಚಿ ನನ್ನ ಮುಂದೆ ಕೂತಳು.

"ಗಂಡನ ಹೆಸರು ಕೇಳಿದ್ರಿ. ಮೈದುನಂದು ಹೇಳಿದೆ."

ಅದಕ್ಕೇ ನಾಚಿರಲಿಲ್ಲ. ತನ್ನ ಗಂಡನ ಹೆಸರಾಗಿದ್ದರೆ ಆಕೆಯೂ ಗೋಡೆಯ ಕಡೆ ತಿರುಗುತ್ತಿದ್ದಳು. ಈ ಊರಿನಲ್ಲಿ ಬೆಳೆದ ಯಾವ ಹೆಣ್ಣುಮಗಳಿಗಾದರೂ ಅಲ್ಲೇ ಅನುಮಾನ ಬರಬೇಕಿತ್ತು. ನಾನು ಬುದ್ಧಿವಂತೆ ಎಂದು ಮೆಚ್ಚಿ ಲೇಬಲ್ಲು ಅಂಟಿಸಿದ್ದೆ.

"ಇದು ಸುಳ್ಳು ಅಂತ ನಮಗ ಅನಿಸೇ ಇಲ್ರಿ" ಎಂದಳು. "ಒಂದೇ ಮನಿ ರಕ್ತ, ಯಾರದು ಕೊಟ್ರೇನಂತ ಅತ್ತಿ ಅಂದ್ರು. ನನಗೂ ಹಂಗ ಅನಸ್ತು. ಮೊನ್ನಿ ನೀವು ಹೇಳಿದ್ದು ಅತ್ತಿ ನಮಗ ಬರೇ ಏನಾಗಂಗಿಲ್ಲಂತ ಹೇಳಿದ್ರು, ರಕ್ತದ ಮಾತು ಎತ್ತಲಿಲ್ಲ. ನಿನ್ನಿ ಹಿಂಗ ಮಾತಾಡುವಾಗ ರಕ್ತ ನೋಡಿ ಹೇಳ್ಯಾರಂದ್ರು. ನನಗ ಎದಿ ಝಲ್ಲಂತು. ನನಗ ಸಣ್ಣಾಕಿದ್ದಾಗ ಬಂದಿತ್ರಿ. ನೋಡ್ರಿ, ಕಲೆ ಅದಾವ."

ಹಣೆಯ ಬದಿಯ ಕೂದಲು ಸರಿಸಿದಳು. ಎರಡು ಸಣ್ಣ ಗುಂಡಿಗಳಿದ್ದವು. ಅದೇ ಗುಂಡಿಗಳು ನನ್ನ ಕಿಟ್ಟಿನಲ್ಲಿ ಹಳದಿಯಾಗಿ ಬಂದಿದ್ದವು.

"ಅತ್ತಿಗಿ ಹೇಳಿದೆ. ಅಮ್ಮ ಮನ್ಯಾಗಿರುವಾಗ ಇಲ್ಲದ್ದು ಮಾತಾಡಬ್ಯಾಡ ಅಂದ್ರು. ಆಕಿ ಗಂಟು ಬಿಚ್ಚಿ ನನ್ನ ಮಗಳ ಹಾಸಿಗ್ಯಾಗೇ ಮಲಗಾಕತ್ತಾಳ್ರಿ ಮೂರು ದಿನದಿಂದ. ನನಗ ಏನೂ ಆಗಂಗಿಲ್ಲಂತ ಮೇಡಂ ಹೇಳ್ಯಾರ, ನೀ ಮಲಕೊ ಅಕ್ಕಾ ಅಂತ ನನಗ ಎಬ್ಬಿಸಿ ಕಳಸ್ತಾಳ."

ಓಡಿಹೋಗಬೇಕಾಗಿದ್ದವಳನ್ನು ನಾನು ತಡೆದು ರೋಗದ ಹಾಸಿಗೆಯಲ್ಲಿ ಮಲಗಿಸಿದ್ದೆ. ಸಿಟ್ಟು ಬಂತು, ಮೊದಲು ಆಕೆಯ ಮೇಲೆ, ಆಮೇಲೆ ಅತ್ತೆಯ ಮೇಲೆ, ಆಮೇಲೆ ಹೋಗಿ ನಿಲ್ಲಬೇಕಾದ ಕಡೆ ನಿಂತಿತು. ಆಕೆಗೆ ಬೈಯಲು ತೆರೆದ ಬಾಯನ್ನು ಮುಚ್ಚಿ ಚಾಚಾನಿಗೆ ಜೀಪು ತರಿಸಲು ಹೇಳಿದೆ.

ದಾರಿ ಇತ್ತು, ಅದು ನನಗೆ ಗೊತ್ತಿತ್ತು. ದೇಹಕ್ಕೆ ತನ್ನದೇ ಪ್ರತಿಕಾಯ ತಯಾರಿಸಲು ಹೊತ್ತಿಲ್ಲದಾಗ ಬೇರೆಯವರದ್ದನ್ನು ಕೊಡಬಹುದು. ಎಷ್ಟೋ ಜನರ ರಕ್ತದಿಂದ ಬೇರ್ಪಡಿಸಿ ತುಂಬಿದ ಇಂಜೆಕ್ಷನ್ನು ಬರುತ್ತದೆ. ರೋಗದವರ ಹತ್ತಿರ ಇದ್ದ ಹತ್ತು ದಿನದೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನಮ್ಮ ಹೆರಿಗೆ ವಿಭಾಗದ ಹಿರಿಯ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಆಕೆ ಎರಡೇ ಮಾತಾಡಿದರು. ಕಲಬುರಗಿಯಲ್ಲಿ ಸಿಗುವುದಿಲ್ಲ, ಹೈದರಾಬಾದಿನಿಂದ ತರಿಸಬೇಕು. ಅದಕ್ಕಿಂತ ಮೊದಲು ಈ ಸಲ ನಿಜವಾಗಿ ಅವಳದೇ ರಕ್ತ ತಂದು ನೋಡು.

ಜೀಪಿನಲ್ಲಿ ಹಿರಿಸೊಸೆಗೆ ಇದನ್ನು ವಿವರಿಸಿದೆ. ಆಕೆ ಕೇಳಿದಳು, "ಅಂದ್ರ ನನ್ನ ರಕ್ತ ಆಕಿ ಹೆಸರಿಲೆ ನಡಿಯಂಗಿಲ್ಲ, ಯಾರ್ಯಾರದೋ ರಕ್ತ ಆಕಿ ಮೈಯಾಗ ನಡೀತದ?"

ಚಾಚಾ ಮುಂದಿನ ಸೀಟಿನಿಂದ, "ಸವಾಲ್ ಬರಾಬರ್ ಅದ ಮೇಡಂ, ಸರೀನೇ ಕೇಳ್ಯಾಳ" ಎಂದರು. ಆ ಪರಿಸ್ಥಿತಿಯಲ್ಲೂ ನನಗೆ ನಗು ಬಂತು.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ನಮ್ಮನ್ನು ಕಂಡು ಕೈ ಮುಗಿದಳು, ಹಿರಿಸೊಸೆಯನ್ನು ಕಂಡು ಮುಖ ತಿರುಗಿಸಿದಳು. ನಾನು ಹೊಸ್ತಿಲ ಹೊರಗೇ ನಿಂತು ಹೇಳಿದೆ, ಸೋಮವಾರ ಹೇಳಿದ್ದು ತಪ್ಪು, ಆಕೆಯ ರಕ್ತ ಬೇಕು ಎಂದು.

"ಅಮ್ಮ ಇದ್ದ ಮನ್ಯಾಗ ಸೂಜಿ ಹಚ್ಚಂಗಿಲ್ಲ. ನಿಮ್ಮ ಕಾಲಿಗಿ ಬೀಳ್ತೀನಿ, ಹಟ ಮಾಡಬ್ಯಾಡ್ರಿ" ಎಂದಳು ಅತ್ತೆ. "ಸೋಮವಾರ ಏನೂ ಆಗಂಗಿಲ್ಲ ಅಂದ್ರಿ. ಇವತ್ತ ಆಗ್ತದಂತೀರಿ. ಯಾವ ಮಾತು ಹಿಡಿಬೇಕು ನಾವು?"

ಒಳಗಿನಿಂದ ಕಿರಿಸೊಸೆ ಬಂದಳು, ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಹುಡುಗಿಗೆ ಬೀಸುತ್ತಿದ್ದ ಬೇವಿನ ತೊಪ್ಪಲು. ಮೊದಲ ಸಲ ನಾನು ಆ ಮುಖವನ್ನು ಸರಿಯಾಗಿ ನೋಡಿದೆ. ಹಿರಿಯಳಿಗಿಂತ ಗಿಡ್ಡ, ದುಂಡು ಮುಖ, ಕೆನ್ನೆಯಲ್ಲಿ ಗುಳಿ. ಇಬ್ಬರಲ್ಲಿ ಒಂದಿಷ್ಟೂ ಹೋಲಿಕೆ ಇರಲಿಲ್ಲ. ಆಕೆ ತೊಪ್ಪಲನ್ನು ಬಾಗಿಲಿಗೆ ಸಿಕ್ಕಿಸಿ, ಹೊಸ್ತಿಲು ದಾಟಿ, ಅಂಗಳ ದಾಟಿ, ರಸ್ತೆಯಲ್ಲಿ ನಿಂತಿದ್ದ ಜೀಪಿನ ಹಿಂದೆ ಹೋಗಿ ನಿಂತು ತೋಳು ಚಾಚಿದಳು.

"ಇದು ಮನಿ ಅಲ್ಲಲ್ರಿ" ಎಂದಳು, "ತಗೋರಿ."

ಚಾಚಾ ತೆಗೆದರು. ಈ ಸಲ ನಾನು ಆಕೆಯ ಮುಖ ನೋಡುತ್ತ ಲೇಬಲ್ಲು ಬರೆದೆ.

ಆ ದಿನ ಸಂಜೆ ಕಿಟ್ಟಿನಲ್ಲಿ ಆಕೆಯ ಗುಳಿ ನೀರಿನ ಹಾಗೆ ಖಾಲಿ ಉಳಿಯಿತು. ಆಕೆಯ ಮೈ ಈ ವೈರಸ್ಸನ್ನು ಯಾವತ್ತೂ ಕಂಡಿರಲಿಲ್ಲ. ಆಕೆಯ ಗಂಡ ಬಾಳೆಯ ಲೋಡಿನ ಜೊತೆ ಹೈದರಾಬಾದಿಗೆ ಹೋಗಿದ್ದ. ಹಿರಿಯ ಡಾಕ್ಟರು ಅಲ್ಲಿಯ ಔಷಧಿ ಅಂಗಡಿಗೆ ಹೇಳಿಸಿದರು. ಶುಕ್ರವಾರ ಮಧ್ಯಾಹ್ನ ಆತ ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಿಳಿದ. ಗುಳ್ಳೆ ಎದ್ದು ಐದು ದಿನವಾಗಿತ್ತು. ಇಂಜೆಕ್ಷನ್ ಕೊಡಿಸಿ ಆಕೆಯನ್ನು ಶರಣಸಿರಸಗಿಯ ತವರಿಗೆ ಬಿಟ್ಟೆವು. ಅಲ್ಲಿ ತಾಯಿ ತಂದೆ ಇಬ್ಬರೇ. ನಮಗೆ ಬಂದು ಹೋಗಿದೆ ಎಂದು ಇಬ್ಬರೂ ಹೇಳಿದರು. ಮಾತು ನಂಬುವ ಕಾಲ ನನ್ನ ಪಾಲಿಗೆ ಮುಗಿದಿತ್ತು, ಇಬ್ಬರ ಮುಖ ನೋಡಿ ರಕ್ತ ತೆಗೆದು ಪರೀಕ್ಷಿಸಿದೆ. ಇಬ್ಬರದೂ ಹಳದಿ ಬಂತು.

ಎರವಲು ಪ್ರತಿಕಾಯ ರೋಗವನ್ನು ಪೂರ್ತಿ ತಡೆಯುತ್ತದೆಂಬ ಭರವಸೆಯಿಲ್ಲ. ಅದು ಕಾಣಿಸಿಕೊಳ್ಳುವ ದಿನವನ್ನು ಮುಂದೂಡಲೂಬಹುದು, ಇಪ್ಪತ್ತೆಂಟು ದಿನ ಕಾಯಬೇಕು. ಹೆರಿಗೆಯ ದಿನವೂ ಹೆಚ್ಚು ಕಡಿಮೆ ಅಲ್ಲಿಗೇ ಬರುತ್ತಿತ್ತು. ಗುಳ್ಳೆ ಏಳುವುದಿದ್ದರೆ ಬೇಗ ಏಳಲಿ, ಅವಳ ಮೈಗೆ ತನ್ನದೇ ಪ್ರತಿಕಾಯ ಮಾಡಿ ಹೊಟ್ಟೆಯ ಕೂಸಿಗೆ ದಾಟಿಸಲು ಹೊತ್ತು ಸಿಗಲಿ, ಇಲ್ಲವಾದರೆ ಏಳದೇ ಇರಲಿ ಎಂದು ದಿನಾ ಲೆಕ್ಕ ಹಾಕುತ್ತಿದ್ದೆ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಶರಣಸಿರಸಗಿಗೆ ಹೋಗಿ ಆಕೆಯ ಕತ್ತು, ಬೆನ್ನು, ಅಂಗೈ ನೋಡಿ ಬರುತ್ತಿದ್ದೆ. ಹೊಸ ಲೇಔಟಿನ ಕಲ್ಲುಗಳ ನಡುವೆ ಉಳಿದ ಒಂದು ಜೋಳದ ಹೊಲದ ಪಕ್ಕ ಅವರ ಮನೆ. ಆಕೆಯ ತಾಯಿ ದಿನಾ ಒಂದು ಬಿಸಿ ರೊಟ್ಟಿ ತಿನ್ನಿಸದೆ ಬಿಡುತ್ತಿರಲಿಲ್ಲ. ತಪ್ಪು ಮಾಡಿದವಳಿಗೆ ಇಷ್ಟು ಉಪಚಾರವೇ ಎಂದು ತಲೆ ತಗ್ಗಿಸಿ ತಿನ್ನುತ್ತಿದ್ದೆ.

ಈ ನಡುವೆ ನನ್ನ ಅಧ್ಯಯನದ ಲೆಕ್ಕವನ್ನೂ ತೀರಿಸಬೇಕಿತ್ತು. ಕಮಲಾಪುರದ ಮನೆಮನೆಗೆ ಹೋಗಿ, ಬೈಯುವುದಿಲ್ಲ ಎಂದು ಮೊದಲೇ ಹೇಳಿ, ಅವತ್ತು ಯಾರ ಬದಲು ಯಾರು ಕೂತಿದ್ದರು ಎಂದು ಕೇಳಿದೆ. ಇನ್ನೂ ಮೂರು ಮನೆಗಳಲ್ಲಿ ಹಾಗೇ ಆಗಿತ್ತು. ಒಂದು ಕಡೆಯಂತೂ ಮಗಳ ಪರವಾಗಿ ತಾಯಿ. ಎಲ್ಲರೂ ನಗುತ್ತಲೇ ಹೇಳಿದರು, ನನ್ನ ಪಟ್ಟಿ ಪೂರ್ತಿಯಾಗಲೆಂದು ಮಾಡಿದ ಉಪಕಾರ ಅದು. ಆ ಸೋಮವಾರದ ಇಡೀ ಪೆಟ್ಟಿಗೆಯನ್ನು ನಾನೇ ಹೊರತೆಗೆದು ನಾಶ ಮಾಡಿಸಿದೆ. ನನ್ನ ಮಾರ್ಗದರ್ಶಕರು ಒಂದು ವರ್ಷ ಹೋಯಿತಲ್ಲ ಎಂದು ತಲೆ ಚಚ್ಚಿಕೊಂಡರು. ಹೋಗಲಿ ಸರ್, ಮತ್ತೆ ಮಾಡುತ್ತೇನೆ, ಈ ಸಲ ಪಂಚಾಂಗ ನೋಡಿ ಮಾಡುತ್ತೇನೆ ಎಂದೆ. ಮತ್ತೆ ಮಾಡಿದೆ ಕೂಡ. ಆ ಕೆಲಸ ಈಗ ಮುಗಿದಿದೆ, ಅದರ ಪ್ರತಿಯೊಂದು ಟ್ಯೂಬಿನ ಬಗ್ಗೆಯೂ ಯಾರು ಕೇಳಿದರೂ ಎದೆ ತಟ್ಟಿ ಹೇಳಬಲ್ಲೆ.

ಹುಡುಗಿಗೆ ಗುಳ್ಳೆ ಎದ್ದ ಹತ್ತೊಂಬತ್ತನೇ ದಿನ ಕಿರಿಸೊಸೆಯ ಕತ್ತಿನ ಮೇಲೆ ಮೂರು ಗುಳ್ಳೆ ಕಂಡವು. ಮರುದಿನ ಒಟ್ಟು ಹನ್ನೊಂದು. ಆಸ್ಪತ್ರೆಗೆ ಸೇರಿಸಿ ವೈರಸ್ಸು ತಡೆಯುವ ಮಾತ್ರೆ ಶುರು ಮಾಡಿದರು. ಜ್ವರ ಎರಡು ದಿನ ಇತ್ತು, ಎದೆ ಸ್ವಚ್ಛವಾಗಿತ್ತು, ಹನ್ನೆರಡನೆಯ ಗುಳ್ಳೆ ಏಳಲೇ ಇಲ್ಲ. ಮೈ ತುಂಬಬೇಕಾಗಿದ್ದದ್ದು ಹನ್ನೊಂದಕ್ಕೆ ನಿಂತಿತು. ಆಮೇಲೆ ಉಳಿದದ್ದು ದಿನಗಳ ಪ್ರಶ್ನೆ. ಒಂದು ವಾರವಾದರೂ ಹೆರಿಗೆ ತಡೆದರೆ ಸಾಕಿತ್ತು. ಹನ್ನೆರಡು ದಿನ ತಡೆಯಿತು.

ಹೆಣ್ಣುಮಗು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದೆ. ಹಳದಿ ಬಂತು, ತಾಯಿಯ ಹಳದಿಯಷ್ಟೇ. ಕೂಸಿನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಮರುದಿನ ನೋಡಲು ಹೋದೆ. ವಾರ್ಡಿನ ಮೂಲೆಯ ಮಂಚದಲ್ಲಿ ಆಕೆ ದಿಂಬಿಗೊರಗಿ ಕೂತಿದ್ದಳು, ಮಡಿಲಲ್ಲಿ ಕೂಸು. ಅತ್ತೆ ಪಕ್ಕದ ಸ್ಟೂಲಿನಲ್ಲಿ ಕೂತು ಕುಲಾವಿಯ ದಾರ ಕಟ್ಟುತ್ತಿದ್ದಳು. ಹಿರಿಸೊಸೆ ಬಾಗಿಲ ಹೊರಗೆ ನಿಂತಿದ್ದಳು. ಆ ಗುರುವಾರದಿಂದ ಅತ್ತೆ ಆಕೆಯ ಜೊತೆ ಮಾತು ಬಿಟ್ಟಿದ್ದಳು. ಅಮ್ಮ ಮನೆಯಲ್ಲಿರುವಾಗ ಹೊಸ್ತಿಲು ದಾಟಿದವಳ ಕೈಗೆ ಹಸಿಗೂಸು ಕೊಡಬಾರದೆಂದು ಹೇಳಿಬಿಟ್ಟಿದ್ದಳಂತೆ. ಆಕೆಯ ಮಗಳ ಗುಳ್ಳೆ ಒಣಗಿ ಉದುರಿ ಮೂರು ವಾರವಾಗಿತ್ತು. ಆದರೂ ಆಕೆ ಬಿಸಿನೀರಿನ ಥರ್ಮಾಸು ಹಿಡಿದು ಹೊರಗೇ ನಿಂತಿದ್ದಳು, ಕೂಸಿನ ಮುಖ ಇನ್ನೂ ನೋಡಿರಲಿಲ್ಲ.

ಕಿರಿಸೊಸೆ ನನ್ನನ್ನು ಕೂರಲು ಹೇಳಿದಳು. ಆಮೇಲೆ ಕೇಳಿದಳು.

"ಮೇಡಂ, ಅಕ್ಕ ಅವತ್ತ ಬಸ್ಸು ಹತ್ತಿ ಬರದಿದ್ರ ನಿಮಗ ಗೊತ್ತಾಗ್ತಿತ್ತೇನ್ರಿ?"

ಅತ್ತೆಯ ಕೈ ಕುಲಾವಿಯ ದಾರದ ಮೇಲೆ ನಿಂತಿತು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಮತ್ತೊಮ್ಮೆ ಪರೀಕ್ಷೆ ಮಾಡುತ್ತಿದ್ದೆ, ಹೇಗೋ ತಿಳಿಯುತ್ತಿತ್ತು ಎನ್ನಬಹುದಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ" ಎಂದೆ. "ನನ್ನ ಕಡೆ ಇದ್ದ ಯಾವುದರಿಂದಲೂ ಗೊತ್ತಾಗ್ತಿರಲಿಲ್ಲ. ನಾನು ನೀವು ಆರಾಮ ಅದೀರಂತ ಮನ್ಯಾಗ ಕೂತಿರತಿದ್ದೆ."

ಆಕೆ ತಲೆಯಾಡಿಸಿದಳು. ಆಮೇಲೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ, ಅತ್ತೆಯ ಮುಂದಿನಿಂದ ದಾಟಿಸಿ, ಬಾಗಿಲ ಕಡೆಗೆ ಹಿಡಿದಳು.

"ಅಕ್ಕಾ, ಬಾ ಒಳಗ. ಹಿಡಿ ಇಕಿನ್ನ."

ಅತ್ತೆ ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು. ನಾನು ಎದ್ದು ಹೋಗಿ ಹಿರಿಸೊಸೆಯ ಕೈಯಿಂದ ಥರ್ಮಾಸು ತೆಗೆದುಕೊಂಡೆ.